ಪುಕ್ಕಟೆ ಪ್ರತಿ ಯಾವ ಬಾಬತ್ತಿಗೆ?

ಮಾರ್ಚ್ ಕೊನೆಯ ವಾರ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಒಂದು ಕುರ್ಚಿಯೂ ಖಾಲಿ ಇರುವುದಿಲ್ಲ. 2021ರ ಅಂಥ ಒಂದು ಮಧ್ಯಾಹ್ನ, ವರ್ಷಕ್ಕೆ ಏಳೆಂಟು ಪುಸ್ತಕ ತರುವ ಪ್ರಕಾಶಕರೊಬ್ಬರು ಬಟ್ಟೆಯ ಚೀಲದಿಂದ ರಸೀದಿಗಳ ಕಟ್ಟೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. "ಇವನ್ನು ಯಾವ ಬಾಬತ್ತಿಗೆ ಹಾಕುತ್ತೀರೋ ಹಾಕಿ ಸ್ವಾಮಿ" ಎಂದರು.

ಲಾಕ್‌ಡೌನ್ ಕಾಲದಲ್ಲಿ ಅಂಗಡಿಗಳು ಮುಚ್ಚಿದ್ದಾಗ ಅವರು ತಮ್ಮ ಹನ್ನೆರಡು ಪುಸ್ತಕಗಳ ಪಿಡಿಎಫ್ ಮಾಡಿಸಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ್ದರು. ನುಡಿ ತಂತ್ರಾಂಶದ ಹಳೆಯ ಕಡತಗಳನ್ನು ಎಲ್ಲ ಫೋನಿನಲ್ಲೂ ಓದಬಹುದಾದ ಯೂನಿಕೋಡ್ ಅಕ್ಷರಕ್ಕೆ ತಂದ ಹುಡುಗನಿಗೆ, ಹಾಗೆ ತರುವಾಗ ಹಾರಿಹೋದ ಒತ್ತಕ್ಷರಗಳನ್ನು ಕೂತು ತಿದ್ದಿದವರಿಗೆ, ಹೊಸ ಮುಖಪುಟ ಮಾಡಿಕೊಟ್ಟ ಕಲಾವಿದರಿಗೆ ಕೊಟ್ಟ ಹಣದ ರಸೀದಿಗಳು ಅವು. ಜಮೆಯ ಕಡೆ ಒಂದು ಪೈಸೆಯೂ ಇರಲಿಲ್ಲ.

"ಎಷ್ಟು ಜನ ಓದಿದರು?" ಎಂದು ಕೇಳಿದೆ.

"ಊರೆಲ್ಲ ಓದಿದೆ."

"ಯಾರು ಯಾರು ಓದಿದರು?"

"ಅದು ನನಗೆ ಹೇಗೆ ಗೊತ್ತಾಗಬೇಕು?"

ಪ್ರಚಾರ ವೆಚ್ಚ ಎಂದು ಬರೆದು ಕಡತ ಮುಚ್ಚಿದೆ. ಆದರೆ ಯಾರಿಗೆ ತಲುಪಿತು ಎಂದು ತಿಳಿಯದ ಪ್ರಚಾರ ಎಂಥ ಪ್ರಚಾರ ಎಂಬ ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಆಮೇಲೆ ಇದೇ ಸಂದೇಹವನ್ನು ಹೊತ್ತು ಪಾಠ ಮಾಡುವವರು, ಅಡುಗೆಯ ವಿಡಿಯೊ ಮಾಡುವವರು, ಸಣ್ಣ ಪತ್ರಿಕೆ ನಡೆಸುವವರು ಹಲವರು ಬಂದಿದ್ದಾರೆ. ಎಲ್ಲರೂ ಕೇಳುವುದು ಒಂದೇ: ಪುಕ್ಕಟೆ ಕೊಟ್ಟರೆ ಲಾಭವೋ ನಷ್ಟವೋ? ನಾನು ತಿರುಗಿ ಕೇಳುವುದೂ ಒಂದೇ: ನೋಡುವವನು ಕೊಡುವುದಿಲ್ಲ, ಸರಿ. ಹಾಗಾದರೆ ಕೊಡುವವರು ಯಾರು?

ನಾನು ಕುಂದಾಪುರದ ಕಡೆಯವನು. ನಮ್ಮಲ್ಲಿ ಯಕ್ಷಗಾನಕ್ಕೆ ಎರಡು ಬಗೆಯ ವ್ಯಾಪಾರವಿದೆ. ಡೇರೆ ಮೇಳ ಸುತ್ತ ಬಟ್ಟೆ ಕಟ್ಟಿ ಟಿಕೆಟ್ ಹರಿಯುತ್ತದೆ. ಹರಕೆಯ ಬಯಲಾಟದಲ್ಲಿ ಗದ್ದೆಗೆ ಬಂದು ಚಾಪೆ ಹಾಸಿಕೊಂಡವರೆಲ್ಲ ಬೆಳಗಿನವರೆಗೆ ಪುಕ್ಕಟೆ ನೋಡಬಹುದು. ಹೊರಗಿನವರ ಕಣ್ಣಿಗೆ ಮೊದಲನೆಯದು ವ್ಯಾಪಾರ, ಎರಡನೆಯದು ಧರ್ಮಾರ್ಥ. ಲೆಕ್ಕದ ಪುಸ್ತಕ ಬೇರೆಯೇ ಹೇಳುತ್ತದೆ. ಬಯಲಾಟದಲ್ಲಿ ಮೇಳಕ್ಕೆ ಹಣ ಕೊಡುವವರು ಹರಕೆ ಹೊತ್ತು ಆಟ ಆಡಿಸುವ ಮನೆಯವರು. ಕಟೀಲು, ಮಂದಾರ್ತಿ ಮೇಳಗಳ ಆಟ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು, ಅಷ್ಟು ಬೇಡಿಕೆ. ಟಿಕೆಟ್ ನಂಬಿದ ಡೇರೆ ಮೇಳಗಳೇ ಒಂದೊಂದಾಗಿ ಸೊರಗಿದವು. ಪ್ರೇಕ್ಷಕನಿಗೆ ಪುಕ್ಕಟೆ ಎಂದಮಾತ್ರಕ್ಕೆ ಮೇಳಕ್ಕೆ ಬರಿಗೈ ಎಂದಲ್ಲ.

ಆ ಗದ್ದೆಯ ಅಂಚಿನಲ್ಲಿ ಇನ್ನೊಬ್ಬನಿರುತ್ತಾನೆ, ಚರುಮುರಿಯವನು. ಭಾಗವತರಿಗೂ ಅವನಿಗೂ ಯಾವ ಕರಾರೂ ಇಲ್ಲ, ಆದರೂ ಆಟ ರಂಗೇರಿದಷ್ಟೂ ಅವನ ಗಲ್ಲಾ ತುಂಬುತ್ತದೆ. ಡಿಜಿಟಲ್ ಬಯಲಿನಲ್ಲಿ ಆ ಜಾಗ ಮೊಬೈಲ್ ಡೇಟಾ ಮಾರುವ ಕಂಪನಿಗಳದು. ನಮ್ಮ ಪ್ರಕಾಶಕರ ಹನ್ನೆರಡು ಪುಸ್ತಕಗಳಿಂದ ಹಣ ಕಂಡವರು ಯಾರಾದರೂ ಇದ್ದರೆ ಅವರೇ. ಪ್ರಕಾಶಕರು ಆಟವನ್ನೇನೋ ಆಡಿಸಿದರು, ಹರಕೆ ಹೊತ್ತ ಮನೆ ಯಾವುದೆಂದು ನೋಡಿಕೊಳ್ಳಲಿಲ್ಲ.

ಇಂಥ ಚರ್ಚೆ ಬಂದಾಗ ಎರಡು ವಿದೇಶಿ ಕಥೆಗಳು ತಪ್ಪದೆ ಹಾಜರಾಗುತ್ತವೆ. ಒಂದು ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ್ದು. 2008ರಲ್ಲಿ ಅವರು ಯೂಟ್ಯೂಬ್‌ನಲ್ಲಿ ತಮ್ಮ ವಿಡಿಯೊಗಳನ್ನು ಪುಕ್ಕಟೆ ಹಾಕಿದರು, ಅಮೆಜಾನ್‌ನಲ್ಲಿ ಅವರ ಡಿವಿಡಿ ಮಾರಾಟ ಶೇಕಡ 23,000ದಷ್ಟು ಏರಿತು ಎಂಬುದು ಸುದ್ದಿ. ಶೇಕಡಾವಾರು ಲೆಕ್ಕ ಕೇಳಿದೊಡನೆ ನಮ್ಮ ವೃತ್ತಿಯವರು ಮೊದಲು ಹುಡುಕುವುದು ಮೂಲ ಸಂಖ್ಯೆಯನ್ನು. ದಿನಕ್ಕೆ ಒಂದು ಡಿವಿಡಿ ಮಾರುತ್ತಿದ್ದರೆ 23,000 ಶೇಕಡಾ ಏರಿಕೆ ಎಂದರೆ 231. ದೊಡ್ಡದೇ, ಆದರೆ ಕೇಳಿದಾಗ ಎದೆ ಝಲ್ಲೆನ್ನುವಷ್ಟಲ್ಲ.

ಇನ್ನೊಂದು ರೇಡಿಯೊಹೆಡ್ ಸಂಗೀತ ತಂಡದ್ದು, ಇದು ಹೆಚ್ಚು ಕಲಿಸುತ್ತದೆ. 2007ರ ಅಕ್ಟೋಬರ್‌ನಲ್ಲಿ ಅವರು ಹೊಸ ಆಲ್ಬಂ ಅನ್ನು ತಮ್ಮ ಜಾಲತಾಣದಲ್ಲಿಟ್ಟು, "ನಿಮಗೆ ತೋಚಿದಷ್ಟು ಕೊಡಿ, ಸೊನ್ನೆಯಾದರೂ ಸರಿ" ಎಂಬ ಷರತ್ತಿನಲ್ಲಿ ಬಿಟ್ಟರು. ಜಗತ್ತು ನೆನಪಿಟ್ಟುಕೊಂಡದ್ದು ಇಷ್ಟನ್ನೇ. ಅದೇ ತಾಣದಲ್ಲಿ 40 ಪೌಂಡಿನ ಒಂದು ಪೆಟ್ಟಿಗೆಯೂ ಮಾರಾಟಕ್ಕಿತ್ತು, ಅದರಲ್ಲಿ ಎಲ್‌ಪಿ ತಟ್ಟೆ, ಸಿಡಿ, ಚಿತ್ರಗಳ ಪುಸ್ತಿಕೆ ಇದ್ದವು. ಮರುವರ್ಷ ಅವರ ಹಕ್ಕು ನೋಡಿಕೊಳ್ಳುವ ಸಂಸ್ಥೆ ಕೊಟ್ಟ ಲೆಕ್ಕದ ಪ್ರಕಾರ ಎಲ್ಲ ರೂಪಗಳೂ ಸೇರಿ 30 ಲಕ್ಷ ಪ್ರತಿ ಹೋಗಿದ್ದವು, ಪೆಟ್ಟಿಗೆಯೇ 1 ಲಕ್ಷ. ಗುಣಿಸಿದರೆ ಪೆಟ್ಟಿಗೆಯೊಂದರಿಂದಲೇ 40 ಲಕ್ಷ ಪೌಂಡಿನ ವಹಿವಾಟು. ಡೌನ್‌ಲೋಡ್ ಎರಡು ತಿಂಗಳಲ್ಲಿ ಮುಚ್ಚಿತು, ಹೊಸ ವರ್ಷಕ್ಕೆ ಸಿಡಿ ಅಂಗಡಿಗೆ ಬಂದು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಮಾವಿನಹಣ್ಣಿನವನು ಒಂದು ಹೋಳು ಕೊಯ್ದು ಕೈಗಿಟ್ಟಾಗ ಹಿಂದೆ ಬುಟ್ಟಿ ತುಂಬಿರುತ್ತದೆ, ಇಲ್ಲೂ ಹಾಗೆಯೇ. ಜೊತೆಗೆ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಲು ದೊಡ್ಡ ಕಂಪನಿಯೊಂದು ಹಿಂದಿನ ಆರು ಆಲ್ಬಂಗಳ ಕಾಲ ದುಡ್ಡು ಸುರಿದಿತ್ತು. 2011ರ ಮುಂದಿನ ಆಲ್ಬಂಗೆ ಅದೇ ತಂಡ ನಿಗದಿತ ಬೆಲೆಯನ್ನೇ ಇಟ್ಟಿತು. ಈ ಕೊನೆಯ ಸಂಗತಿಯನ್ನು ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಪತ್ರಿಕೆಗಳ ಅನುಭವವೂ ಒಂದೇ ದಿಕ್ಕಿನದಲ್ಲ. ನ್ಯೂಯಾರ್ಕ್ ಟೈಮ್ಸ್ 2005ರಲ್ಲಿ ತನ್ನ ಅಂಕಣಗಳಿಗೆ ಬೇಲಿ ಹಾಕಿ ವರ್ಷಕ್ಕೆ 49.95 ಡಾಲರ್ ಕೇಳಿತು. ಎರಡು ಲಕ್ಷಕ್ಕೂ ಹೆಚ್ಚು ಜನ ಕೊಟ್ಟರು. ಆದರೂ 2007ರಲ್ಲಿ ಬೇಲಿ ಕಿತ್ತಿತು, ಏಕೆಂದರೆ ಗೂಗಲ್‌ನಿಂದ ಬರುವ ಓದುಗರೆಲ್ಲ ಬೇಲಿಗೆ ಬಡಿದು ವಾಪಸಾಗುತ್ತಿದ್ದರು, ಅವರ ಜೊತೆ ಜಾಹೀರಾತಿನ ಹಣವೂ. 2011ರ ಮಾರ್ಚ್‌ನಲ್ಲಿ ಬೇರೆ ಬಗೆಯ ಬೇಲಿ ಬಂತು: ತಿಂಗಳಿಗೆ 20 ಲೇಖನ ಪುಕ್ಕಟೆ, ಮುಂದಿನದಕ್ಕೆ ಚಂದಾ. ಒಂದೇ ವರ್ಷದಲ್ಲಿ 20 ಹೋಗಿ 10 ಆಯಿತು. ಈಗ ಅವರ ಚಂದಾದಾರರು ಒಂದು ಕೋಟಿ ದಾಟಿದ್ದಾರೆ. ಪುಕ್ಕಟೆ ಎಂಬುದನ್ನು ಅವರು ನಲ್ಲಿಯ ಹಾಗೆ ತಿರುಗಿಸಿ ನೋಡಿದರು, ಎಷ್ಟು ಬಿಟ್ಟರೆ ಎಷ್ಟು ಜನ ಕೊಡ ಹಿಡಿದು ಬರುತ್ತಾರೆ ಎಂದು.

ಬೆಂಗಳೂರಿನಲ್ಲೇ ನೋಡಬೇಕೆಂದರೆ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ಇದೆ. ಷೇರು ಪೇಟೆಯ ಪಾಠಗಳನ್ನು ಅವರ ವಾರ್ಸಿಟಿ ಎಂಬ ತಾಣ ಪುಕ್ಕಟೆ ಕೊಡುತ್ತದೆ, ಬೇರೆ ಕಡೆ ಸಾವಿರಾರು ರೂಪಾಯಿ ಕೊಟ್ಟು ಕಲಿಯುವಂಥವು. ಪಾಠ ಕಲಿತವನಿಗೆ ಮುಂದೆ ಬೇಕಾಗುವುದು ಷೇರು ಕೊಳ್ಳುವ ಖಾತೆ, ಅದು ಅವರದೇ ಅಂಗಡಿಯ ಸರಕು. ನೂರರಲ್ಲಿ ಕೆಲವರು ಬಂದರೂ ಪಾಠದ ಖರ್ಚು ಹುಟ್ಟುತ್ತದೆ. ಇದೇ ತರ್ಕವನ್ನು ಒಬ್ಬ ಕವಿಗೆ ಹೇಳಿದರೆ ಅವರು ನನ್ನ ಮುಖ ನೋಡುತ್ತಾರೆ. ಕವಿತೆ ಓದಿದವನಿಗೆ ಮಾರಲು ಅವರ ಬಳಿ ಕವಿತೆಯಲ್ಲದೆ ಇನ್ನೇನಿದೆ?

ಯೂಟ್ಯೂಬ್ ಜಾಹೀರಾತನ್ನೇ ನಂಬಿದವರಿಗೆ ಎರಡೇ ಮಾತು. ಪೂರ್ಣ ಜಾಹೀರಾತು ಆದಾಯಕ್ಕೆ 1,000 ಚಂದಾದಾರರು ಮತ್ತು ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಆಮೇಲೆ ದೊಡ್ಡ ವಿಡಿಯೊಗಳ ಜಾಹೀರಾತಿನ ಹಣದಲ್ಲಿ ಶೇಕಡ 55 ನಿಮ್ಮದು. ನನ್ನ ಕಕ್ಷಿದಾರರಲ್ಲಿ ಪಿಯುಸಿ ಲೆಕ್ಕಶಾಸ್ತ್ರ ಕಲಿಸುವ ಮೇಷ್ಟ್ರೊಬ್ಬರು ಆ 55ನ್ನು ಕಾಫಿಪುಡಿಯ ಖರ್ಚು ಎನ್ನುತ್ತಾರೆ. ಪಾಠಗಳನ್ನೆಲ್ಲ ಪುಕ್ಕಟೆ ಹಾಕುತ್ತಾರೆ, ಹಣ ತೆಗೆದುಕೊಳ್ಳುವುದು ಭಾನುವಾರದ ಸಂದೇಹ ಪರಿಹಾರದ ತರಗತಿಗೆ. ಪಾಠವನ್ನು ನಕಲು ಮಾಡಬಹುದು, ಮೇಷ್ಟ್ರ ಭಾನುವಾರವನ್ನು ಮಾಡಲಾಗುವುದಿಲ್ಲ.

ಮತ್ತೆ ಪುಸ್ತಕಕ್ಕೆ ಬರುತ್ತೇನೆ, ಕಷ್ಟವಿರುವುದು ಅಲ್ಲೇ. ಕನ್ನಡ ಪ್ರಕಾಶಕರು ಪಿಡಿಎಫ್ ಹಂಚುವುದರ ಹಿಂದೆ ಔದಾರ್ಯದಷ್ಟೇ ದಾರಿಯ ಕೊರತೆಯೂ ಇದೆ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಇ-ಪುಸ್ತಕದಂಗಡಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳಿಗೆ ಬಾಗಿಲು ತೆರೆದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ತೆರಿಗೆಯದೂ ಒಂದು ತಮಾಷೆ: ಕಾಗದದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇ-ಪುಸ್ತಕಕ್ಕೆ ಇದೆ. 2018ರಲ್ಲಿ ಅದನ್ನು ಶೇಕಡ 18ರಿಂದ 5ಕ್ಕೆ ಇಳಿಸಿದರು, ಅದೂ ಮುದ್ರಿತ ರೂಪ ಇರುವ ಪುಸ್ತಕಕ್ಕೆ ಮಾತ್ರ.

ಈಗ ಒಂದು ಸಣ್ಣ ಲೆಕ್ಕ. ಮುಖಬೆಲೆ 200 ರೂಪಾಯಿಯ ಪುಸ್ತಕ ಎನ್ನಿ. ಅಂಗಡಿಯವರಿಗೆ ಶೇಕಡ 35 ರಿಯಾಯಿತಿ, 70 ಹೋಯಿತು. ಕಾಗದ, ಮುದ್ರಣ, ಬೈಂಡಿಂಗ್ ಇನ್ನೊಂದು 70. ಲೇಖಕರ ಗೌರವಧನ ಶೇಕಡ 10, ಅಂದರೆ 20. ಉಳಿದದ್ದು 40 ರೂಪಾಯಿ. ಡಿಟಿಪಿ, ಕರಡು ತಿದ್ದುವುದು, ಮುಖಪುಟ, ಗೋದಾಮಿನ ಬಾಡಿಗೆ ಎಲ್ಲ ಈ 40ರಲ್ಲೇ ಆಗಬೇಕು. ಅದೇ ಓದುಗ ಅಂಗಡಿಗೆ ಹೋಗದೆ ಪ್ರಕಾಶಕರಿಂದ ನೇರವಾಗಿ ತರಿಸಿಕೊಂಡು ಅಂಚೆವೆಚ್ಚವನ್ನು ತಾನೇ ಕೊಟ್ಟರೆ ಉಳಿಯುವುದು 110.

ಪುಕ್ಕಟೆ ಪಿಡಿಎಫ್ ಸಿಕ್ಕಿತೆಂದು ನೂರು ಜನ ಅಂಗಡಿಗೆ ಹೋಗಲಿಲ್ಲ ಎಂದಿಟ್ಟುಕೊಳ್ಳಿ, 4,000 ರೂಪಾಯಿ ನಷ್ಟ. ಆ ನೂರರಲ್ಲಿ 60 ಮಂದಿ ಓದಿ ಮೆಚ್ಚಿ ನೇರವಾಗಿ ತರಿಸಿಕೊಂಡರೆ 6,600 ಬಂತು. ಮಾರಾಟವಾದ ಪ್ರತಿಗಳು 40 ಕಡಿಮೆ, ಕೈಯಲ್ಲಿ ಉಳಿದದ್ದು 2,600 ರೂಪಾಯಿ ಹೆಚ್ಚು. ಪುಕ್ಕಟೆಯ ಲಾಭ ಹೊಸ ಓದುಗರಿಂದ ಬರುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಈ ಲೆಕ್ಕ ಹಾಕಿದ ಮೇಲೆ ಕಂಡದ್ದು ಬೇರೆ: ಇದ್ದ ಓದುಗರೇ ಅಂಗಡಿಯ ಬಾಗಿಲಿನಿಂದ ಪ್ರಕಾಶಕರ ಬಾಗಿಲಿಗೆ ಬಂದರೂ ಸಾಕು. 2020ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಹಿಡಿಯುವುದು ನಿಂತಿರುವುದರಿಂದ ಆ ಹಣ ಸೋರದೆ ಬರುತ್ತದೆ.

ಆದರೆ ಓದುಗ ಆ ಬಾಗಿಲಿಗೆ ಬರಬೇಕಾದರೆ ಅವನು ಯಾರೆಂದು ಗೊತ್ತಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಪಿಡಿಎಫ್‌ಗೆ ಹಿಂದಿರುಗುವ ದಾರಿ ಇಲ್ಲ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂದು ಇಳಿಸಿಕೊಂಡವರೆಷ್ಟು, ಹತ್ತು ಪುಟ ಓದಿದವರೆಷ್ಟು, ಇದೇ ಲೇಖಕರ ಮುಂದಿನ ಪುಸ್ತಕಕ್ಕೆ ಕಾಯುತ್ತಿರುವವರೆಷ್ಟು ಎಂಬುದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಪ್ರಕಾಶಕರು ಪುಸ್ತಕ ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ. ಒಂದು ಫೋನ್ ನಂಬರನ್ನೂ ಕೇಳದೆ ಕೊಟ್ಟದ್ದಕ್ಕೆ ಇದೆ.

ಇನ್ನೂ ಒಂದು ತಕರಾರು ಹೇಳಲೇಬೇಕು. "ಲೇಖಕರನ್ನು ಕೇಳಿದಿರಾ?" ಎಂದಾಗ ಅವರು "ಎಲ್ಲ ನಮ್ಮವರೇ" ಎಂದರು. ಕನ್ನಡದಲ್ಲಿ ಎಷ್ಟೋ ಪುಸ್ತಕಗಳು ಬಾಯಿಮಾತಿನ ಮೇಲೆ ಪ್ರಕಟವಾಗುತ್ತವೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮು ಹಕ್ಕಿನ ವರ್ಗಾವಣೆ ಬರಹದಲ್ಲೇ ಇರಬೇಕು ಎನ್ನುತ್ತದೆ. ಬರಹವಿದ್ದು ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ. ಹತ್ತು ವರ್ಷದ ಹಿಂದೆ ಮುದ್ರಣಕ್ಕೆಂದು ಕೊಟ್ಟ ಹಸ್ತಪ್ರತಿಯನ್ನು ಇಂದು ಪಿಡಿಎಫ್ ಮಾಡಿ ಹಂಚುವ ಹಕ್ಕು ಪ್ರಕಾಶಕರ ಬಳಿ ಇಲ್ಲದೆಯೂ ಇರಬಹುದು. ಸೊನ್ನೆಯ ಶೇಕಡ 10 ಸೊನ್ನೆಯೇ ಆದ್ದರಿಂದ ಈ ಔದಾರ್ಯದ ಒಂದು ಪಾಲು ಲೇಖಕರ ಜೇಬಿನಿಂದ ಹೋಗಿರುತ್ತದೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಇಷ್ಟನ್ನೂ ಒಂದೇ ದಿನ ಹೇಳಿದೆ ಎಂದಲ್ಲ. ಎರಡು ಮೂರು ಮಾರ್ಚ್‌ಗಳಲ್ಲಿ, ಚಹಾ ಕುಡಿಯುತ್ತ ಹೇಳಿದ್ದು. ಅವರು ಹೂಂಗುಟ್ಟಿ ಹೋಗುತ್ತಿದ್ದರು. ಆಮೇಲೆ ಒಂದು ಕಾದಂಬರಿ ತಂದಾಗ ಮೊದಲ ಮೂರು ಅಧ್ಯಾಯಗಳನ್ನು ಮಾತ್ರ ಪುಕ್ಕಟೆ ಇಟ್ಟರು, ಲೇಖಕಿಯಿಂದ ಕಾಗದದ ಮೇಲೆ ಒಪ್ಪಿಗೆ ಪಡೆದೇ. ಓದಬೇಕಾದವರು ಹೆಸರು, ಊರು, ನಂಬರು ಕೊಡಬೇಕಿತ್ತು. ಹೊಸ ಪುಸ್ತಕದ ಸುದ್ದಿ ಕಳುಹಿಸಬಹುದೇ ಎಂದು ಕೇಳುವ ಸಾಲನ್ನು ನಾನೇ ಸೇರಿಸಿದೆ, 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಒಪ್ಪಿಗೆಯಿಲ್ಲದೆ ನಂಬರು ಬಳಸುವುದು ಕ್ಷೇಮವಲ್ಲ. ಹೀಗೆ ಇಳಿಸಿಕೊಂಡವರು ಬಹಳ ಕಡಿಮೆ. ಪ್ರಕಾಶಕರಿಗೆ ಮೊದಲು ಬೇಸರವೇ ಆಗಿತ್ತು.

ಈ ವರ್ಷ ಅವರು ಬಂದಾಗ ಚೀಲದಲ್ಲಿ ರಸೀದಿಗಳ ಜೊತೆ 200 ಪುಟದ ಒಂದು ನೋಟ್‌ಬುಕ್ ಇತ್ತು. ಕಂಪ್ಯೂಟರ್‌ನಲ್ಲಿ ಇದ್ದರೂ ಕೈಯಲ್ಲಿ ಬರೆದಿಟ್ಟಿದ್ದಾರೆ: ಸಾಗರ, ಗಂಗಾವತಿ, ದೋಹಾ, ಮುಂಬೈ ಬಳಿಯ ಡೊಂಬಿವಲಿ. ಎದುರಿಗೆ ಯಾರು ಯಾವ ಪುಸ್ತಕ ತರಿಸಿಕೊಂಡರು ಎಂಬ ಟಿಪ್ಪಣಿ. ಡೊಂಬಿವಲಿಯ ಒಬ್ಬರು ಹಳೆಯ ಪ್ರಬಂಧ ಸಂಕಲನಗಳನ್ನೂ ಕೇಳಿ ತರಿಸಿದ್ದಾರಂತೆ.

"ಇದನ್ನು ಯಾವ ಬಾಬತ್ತಿಗೆ ಹಾಕುತ್ತೀರಿ?" ಎಂದರು, ಸ್ವಲ್ಪ ಠೀವಿಯಿಂದಲೇ.

ನಿಜ ಹೇಳಬೇಕಾಯಿತು. ಲೆಕ್ಕಪತ್ರ ಮಾನದಂಡ 26ರ ಪ್ರಕಾರ, ವ್ಯಾಪಾರಿ ತಾನೇ ಬೆಳೆಸಿಕೊಂಡ ಗ್ರಾಹಕರ ಪಟ್ಟಿಯನ್ನು ಆಸ್ತಿ ಎಂದು ಅಡಾವೆ ಪತ್ರಿಕೆಯಲ್ಲಿ, ಅಂದರೆ ಬ್ಯಾಲೆನ್ಸ್ ಶೀಟ್‌ನಲ್ಲಿ, ತೋರಿಸುವಂತಿಲ್ಲ. "ಇದಕ್ಕೆ ಬಾಬತ್ತೇ ಇಲ್ಲ" ಎಂದೆ.

ಅವರು ನಕ್ಕು, ರಸೀದಿಗಳನ್ನು ನನ್ನ ಮೇಜಿನ ಮೇಲೆ ಬಿಟ್ಟು, ನೋಟ್‌ಬುಕ್ ಒಂದನ್ನೇ ಚೀಲಕ್ಕೆ ಹಾಕಿಕೊಂಡು ಹೊರಟರು.