ವಿಟಮಿನ್ ಮಾತ್ರೆ ಮತ್ತು ವೈದ್ಯರು ಬರೆದ ಔಷಧ: ಅಂತರ ಎಲ್ಲಿ ಸಾಕು, ಎಲ್ಲಿ ಸಾಲದು

ಯಾವ ವಿಟಮಿನ್ ಯಾವ ಔಷಧಕ್ಕೆ ಆಗಿಬರುವುದಿಲ್ಲ ಎಂಬ ಉದ್ದನೆಯ ಕೋಷ್ಟಕವನ್ನು ಬಾಯಿಪಾಠ ಮಾಡುವುದಕ್ಕಿಂತ, ಪ್ರತಿಯೊಂದು ಜೋಡಿಯ ಮುಂದೆಯೂ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಓದಿದಾಗ ಈ ಪಾಠ ನನಗೆ ಹಿಡಿತಕ್ಕೆ ಬಂದಿತು: ಇವೆರಡೂ ದೇಹದಲ್ಲಿ ಎದುರಾಗುವುದು ಎಲ್ಲಿ? ಎದುರಾಗುವುದು ಕರುಳಿನಲ್ಲಾದರೆ ಕೆಲವು ಗಂಟೆಗಳ ಅಂತರ ಸಾಕಾಗುತ್ತದೆ. ಹೀರಿಕೆಯಾದ ನಂತರ, ಯಕೃತ್ತಿನಂತಹ ಕಡೆ ಎದುರಾಗುವುದಾದರೆ ಅಂತರದಿಂದ ಏನೂ ಪ್ರಯೋಜನವಿಲ್ಲ.

ಕರುಳಿನಲ್ಲಿ ಎದುರಾಗುವವು

ಕಬ್ಬಿಣ, ಕ್ಯಾಲ್ಸಿಯಂ, ಸತು, ಮೆಗ್ನೀಸಿಯಂ ಇವು ಕೆಲವು ಔಷಧಗಳಿಗೆ ಅಂಟಿಕೊಂಡು, ಕರುಳು ಸರಿಯಾಗಿ ಹೀರಿಕೊಳ್ಳಲಾರದ ಸಂಯುಕ್ತಗಳಾಗುತ್ತವೆ. ಮಲ್ಟಿವಿಟಮಿನ್ ಮಾತ್ರೆಗಳಲ್ಲಿಯೂ ಈ ಖನಿಜಗಳು ಇರುವುದರಿಂದ ಹೆಸರಿನಲ್ಲಿ ವಿಟಮಿನ್ ಎಂದಷ್ಟೇ ಇದ್ದರೂ ಹಿಂಬದಿಯ ಪಟ್ಟಿಯನ್ನು ಓದಬೇಕು. ಸೋಂಕಿಗೆ ಕೊಡುವ ಸಿಪ್ರೊಫ್ಲಾಕ್ಸಸಿನ್ ಮಾತ್ರೆಯನ್ನು ಇಂತಹ ಖನಿಜಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಸೇವಿಸಬೇಕು. ಥೈರಾಯ್ಡ್ ಮಾತ್ರೆಯಾದ ಲೆವೊಥೈರಾಕ್ಸಿನ್‌ಗೂ ಕಬ್ಬಿಣ, ಕ್ಯಾಲ್ಸಿಯಂಗಳಿಗೂ ನಡುವೆ 4 ಗಂಟೆಯ ಅಂತರವಿರಬೇಕು.

ಇದಕ್ಕೆ ಅತ್ಯುತ್ತಮ ಉದಾಹರಣೆ ಥೈರಾಯ್ಡ್ ಕೊರತೆಯಿರುವ ಗರ್ಭಿಣಿ. ಲೆವೊಥೈರಾಕ್ಸಿನ್ ಜೊತೆಗೆ, ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವ 60 ಮಿ.ಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಒಂದು ಮಾತ್ರೆ, 500 ಮಿ.ಗ್ರಾಂ ಕ್ಯಾಲ್ಸಿಯಂನ ಎರಡು ಮಾತ್ರೆಗಳು ಅವರ ದಿನದಲ್ಲಿ ಸೇರಿರುತ್ತವೆ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಪರಸ್ಪರ ಆಗದ ಕಾರಣ ಅವುಗಳ ನಡುವೆಯೂ 2 ಗಂಟೆ ಬಿಡಬೇಕು. ನಾನು ಹೊಂದಿಸಿಕೊಂಡ ವೇಳೆ ಹೀಗಿದೆ: ಬೆಳಿಗ್ಗೆ 6ಕ್ಕೆ ಖಾಲಿ ಹೊಟ್ಟೆಯಲ್ಲಿ, ಬರಿಯ ನೀರಿನೊಂದಿಗೆ ಲೆವೊಥೈರಾಕ್ಸಿನ್, ಕಾಫಿ, ತಿಂಡಿ 7ರ ನಂತರ, ಮಧ್ಯಾಹ್ನ 1.30ಕ್ಕೆ ಊಟದೊಂದಿಗೆ ಮೊದಲ ಕ್ಯಾಲ್ಸಿಯಂ, ಸಂಜೆ 5.30ಕ್ಕೆ ನಿಂಬೆ ಪಾನಕದೊಂದಿಗೆ ಕಬ್ಬಿಣ. ರಾತ್ರಿ 9ಕ್ಕೆ ಊಟದೊಂದಿಗೆ ಎರಡನೆಯ ಕ್ಯಾಲ್ಸಿಯಂ. ಕಬ್ಬಿಣದ ಆಸುಪಾಸಿನಲ್ಲಿ ಚಹಾ, ಕಾಫಿ ಬೇಡ. ಅಂತರ ತಪ್ಪಿದರೆ ಆಗುವ ಹಾನಿ ಕಣ್ಣಿಗೆ ಕಾಣುವುದಿಲ್ಲ. ಔಷಧ ನುಂಗಿಯೂ ಅದು ದೇಹಕ್ಕೆ ಕಡಿಮೆ ಸಿಗುತ್ತದೆ, ಥೈರಾಯ್ಡ್ ಕೊರತೆಯನ್ನು ಸೂಚಿಸುವ ರಕ್ತಪರೀಕ್ಷೆಯ ಅಂಕಿಯಾದ ಟಿ.ಎಸ್.ಎಚ್. ಏರುತ್ತದೆ, ಆಗ ವೈದ್ಯರು ಕಾರಣ ತಿಳಿಯದೆ ಪ್ರಮಾಣವನ್ನು ಹೆಚ್ಚಿಸಬೇಕಾಗಿ ಬರಬಹುದು.

ಅಂತರದಿಂದ ಬಗೆಹರಿಯದವು

ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧವಾದ ವಾರ್ಫರಿನ್ ಮತ್ತು ವಿಟಮಿನ್ ಕೆ ಜೋಡಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ಸೇವಿಸಿದರೆ ಏಕೆ ಸಾಲದು? ಹಂತ ಹಂತವಾಗಿ ನೋಡೋಣ. ರಕ್ತ ಹೆಪ್ಪುಗಟ್ಟಲು ಬೇಕಾದ 2, 7, 9 ಮತ್ತು 10ನೆಯ ಅಂಶಗಳನ್ನು ಸಿದ್ಧಗೊಳಿಸಲು ಯಕೃತ್ತಿಗೆ ವಿಟಮಿನ್ ಕೆ ಬೇಕು. ಒಮ್ಮೆ ಬಳಕೆಯಾದ ವಿಟಮಿನ್ ಕೆ ನಿಷ್ಕ್ರಿಯ ರೂಪಕ್ಕೆ ತಿರುಗುತ್ತದೆ; ಅದನ್ನು ಮತ್ತೆ ಸಕ್ರಿಯಗೊಳಿಸುವ ಕಿಣ್ವವೊಂದಿದೆ; ವಾರ್ಫರಿನ್ ತಡೆಯುವುದು ಈ ಕಿಣ್ವವನ್ನು. ಅಂದರೆ ವಾರ್ಫರಿನ್ ವಿಟಮಿನ್ ಕೆಯನ್ನು ಮುಟ್ಟುವುದೇ ಇಲ್ಲ, ಅದರ ಮರುಬಳಕೆಯನ್ನು ಮಾತ್ರ ನಿಲ್ಲಿಸುತ್ತದೆ. ಹೊರಗಿನಿಂದ ಹೊಸ ವಿಟಮಿನ್ ಕೆ ಧಾರಾಳವಾಗಿ ಬಂದರೆ ಯಕೃತ್ತಿಗೆ ಮರುಬಳಕೆಯ ಅಗತ್ಯವೇ ಕಡಿಮೆಯಾಗಿ, ಔಷಧದ ಪರಿಣಾಮ ಕುಗ್ಗುತ್ತದೆ. ಈ ಲೆಕ್ಕಾಚಾರವೆಲ್ಲ ದಿನಗಟ್ಟಲೆ ಯಕೃತ್ತಿನಲ್ಲಿ ನಡೆಯುವುದರಿಂದ, ಮಾತ್ರೆಯನ್ನು ನುಂಗಿದ ಗಂಟೆ ಯಾವುದು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇದರ ಮುಂದಿನ ಹೆಜ್ಜೆ ಇನ್ನೂ ಮುಖ್ಯವಾದದ್ದು. ವಿಟಮಿನ್ ಕೆಯನ್ನು ಪೂರ್ತಿ ಬಿಡಬೇಕೆಂದು ಇದರ ಅರ್ಥವಲ್ಲ. ರೋಗಿ ದಿನನಿತ್ಯ ಉಣ್ಣುವ ಸೊಪ್ಪಿಗೆ ಹೊಂದುವಂತೆಯೇ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ) ನೋಡಿ ವಾರ್ಫರಿನ್ ಪ್ರಮಾಣ ನಿಗದಿಯಾಗಿರುತ್ತದೆ. ಅನೇಕರಲ್ಲಿ ಐ.ಎನ್.ಆರ್.ನ ಗುರಿ 2ರಿಂದ 3. ವಾರಕ್ಕೆ ನಾಲ್ಕು ದಿನ ಸೊಪ್ಪಿನ ಸಾರು ಉಣ್ಣುತ್ತಿದ್ದವರು ಭಯಪಟ್ಟು ಒಮ್ಮೆಲೇ ಸೊಪ್ಪನ್ನೇ ಬಿಟ್ಟರೆ ಐ.ಎನ್.ಆರ್. ಏರಿ ರಕ್ತಸ್ರಾವದ ಅಪಾಯ ಬರುತ್ತದೆ. ಬಿಟ್ಟಿದ್ದವರು ಒಮ್ಮೆಲೇ ನುಗ್ಗೆ ಸೊಪ್ಪನ್ನು ದಿನವೂ ಉಣ್ಣತೊಡಗಿದರೆ ಅದು ಇಳಿದು, ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರಲ್ಲಿ ರಕ್ತ ಹೆಪ್ಪುಗಟ್ಟಬಹುದು. ಬೇಕಾದದ್ದು ಪ್ರಮಾಣದ ಸ್ಥಿರತೆ. ನಮ್ಮಲ್ಲಿ ಹೆಚ್ಚಾಗಿ ಬರೆಯುವ ಅಸೆನೊಕೌಮರಾಲ್ ಎಂಬ ಇಂತಹದೇ ಔಷಧಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮೂಳೆಯ ಮಾತ್ರೆಗಳ ಕುರಿತು ವಿಶೇಷ ಎಚ್ಚರ ಅಗತ್ಯ. ಕ್ಯಾಲ್ಸಿಯಂ ಮತ್ತು ಡಿ3 ಜೊತೆಗೆ ಸಣ್ಣ ಅಕ್ಷರಗಳಲ್ಲಿ ವಿಟಮಿನ್ ಕೆ2-7 (ವಿಟಮಿನ್ ಕೆಯದೇ ಒಂದು ರೂಪ) ಎಂದು ಬರೆದಿರುವ ಮಾತ್ರೆಗಳು ಹಲವು ಇವೆ. ಮಂಡಿ ನೋವೆಂದು ಮನೆಯ ಹಿರಿಯರಿಗೆ ಇದನ್ನು ತಂದುಕೊಡುವವರಿಗೆ, ಅವರು ಹೃದಯಕ್ಕೆಂದು ಸೇವಿಸುವ ವಾರ್ಫರಿನ್‌ನಂತಹ ಔಷಧಕ್ಕೂ ಇದಕ್ಕೂ ಸಂಬಂಧವಿದೆ ಎಂಬುದು ಹೊಳೆಯುವುದೇ ಕಷ್ಟ. ಹೆಚ್ಚಿನ ಪ್ರಮಾಣದ ವಿಟಮಿನ್ ಇ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ರಕ್ತಸ್ರಾವದ ಕಡೆಗೆ ಎಳೆಯುತ್ತದೆ.

ಫೆನಿಟಾಯಿನ್ ಮತ್ತು ಫೋಲಿಕ್ ಆಮ್ಲವೂ ಈ ಗುಂಪಿಗೇ ಸೇರುತ್ತವೆ: ಫೋಲಿಕ್ ಆಮ್ಲವು ರಕ್ತದಲ್ಲಿ ಫೆನಿಟಾಯಿನ್ ಮಟ್ಟವನ್ನು ತಗ್ಗಿಸಬಲ್ಲದು, ಆಗ ಅಪಸ್ಮಾರ ಮರುಕಳಿಸಬಹುದು. ಮೊಡವೆಗೆ ಐಸೊಟ್ರೆಟಿನೊಯಿನ್ ಸೇವಿಸುವವರಿಗೆ ವಿಟಮಿನ್ ಎ ಮಾತ್ರೆ ಸಲ್ಲದು, ಏಕೆಂದರೆ ಎರಡೂ ಒಂದೇ ಕುಟುಂಬದವು.

ಔಷಧವೇ ವಿಟಮಿನ್ ಕೊರತೆ ತರುವುದು

ಮಧುಮೇಹಕ್ಕೆ ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ12 ಇಳಿಯಬಹುದು. ಅದರಿಂದಾಗುವ ಪಾದದ ಜೋಮನ್ನು ಮಧುಮೇಹದ್ದೇ ಎಂದು ಬಿಟ್ಟುಬಿಡಬಾರದು. ಕ್ಷಯಕ್ಕೆ ಐಸೊನಿಯಾಜಿಡ್ ಕೊಡುವಾಗ ನರಗಳ ರಕ್ಷಣೆಗೆಂದು ಬಿ6 ಸೇರಿಸುತ್ತಾರೆ.

ಪರೀಕ್ಷೆಯ ಕೊಳವೆಯಲ್ಲಿ

ಬಯೋಟಿನ್ ಎಂಬ ಬಿ ಗುಂಪಿನ ವಿಟಮಿನ್ ದೇಹದೊಳಗೆ ಥೈರಾಯ್ಡ್ ಮಾತ್ರೆಗೆ ಅಡ್ಡಬರುವುದಿಲ್ಲ, ಆದರೆ ಕೆಲವು ರಕ್ತಪರೀಕ್ಷೆಗಳಿಗೆ ಅಡ್ಡಬರುತ್ತದೆ. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿಯೇ ಈ ಎಚ್ಚರಿಕೆ ನೀಡಿದ್ದಾರೆ. ವಯಸ್ಕರಿಗೆ ದಿನಕ್ಕೆ ಸುಮಾರು 30 ಮೈಕ್ರೊಗ್ರಾಂ ಸಾಕಾದರೆ, ಕೂದಲುದುರುವಿಕೆಗೆ ಮಾರುವ ಮಾತ್ರೆಗಳಲ್ಲಿ 10 ಮಿ.ಗ್ರಾಂ ಇರುವುದುಂಟು. ಥೈರಾಯ್ಡ್ ಕೊರತೆಯಲ್ಲಿ ಕೂದಲು ಉದುರುವುದು ಸಾಮಾನ್ಯವಾದ್ದರಿಂದ ಈ ಎರಡು ಮಾತ್ರೆಗಳು ಒಬ್ಬರ ಕೈಯಲ್ಲೇ ಸೇರುತ್ತವೆ; ಟಿ.ಎಸ್.ಎಚ್. ನಿಜವಾಗಿ ಇರುವುದಕ್ಕಿಂತ ಕಡಿಮೆ ತೋರಿ, ಸರಿಯಾಗಿದ್ದ ಲೆವೊಥೈರಾಕ್ಸಿನ್ ಪ್ರಮಾಣವನ್ನು ಇಳಿಸುವಂತಾಗಬಹುದು. ರಕ್ತ ಕೊಡುವುದಕ್ಕೆ ಕನಿಷ್ಠ 2 ದಿನ ಮೊದಲು, ವೈದ್ಯರಿಗೆ ತಿಳಿಸಿ ಬಯೋಟಿನ್ ನಿಲ್ಲಿಸಬೇಕು. ನಿಲ್ಲಿಸಿರದಿದ್ದರೆ ಪ್ರಯೋಗಾಲಯದವರಿಗೆ ಅದನ್ನು ಹೇಳಿ ಪರೀಕ್ಷೆಯ ಚೀಟಿಯಲ್ಲಿ ಬರೆಸಬೇಕು.