ಬರುತ್ತೆ ಅಂದದ್ದು ಬರುತ್ತಿತ್ತಾ?

"ಅಷ್ಟೊಂದು ಇದೆ, ಆದ್ರೂ ಸಾಲಲ್ಲ ಅಂತಾರೆ." ರಾಯಚೂರಿನಲ್ಲಿ ಆಪ್ತಸಮಾಲೋಚನೆಗೆ ಬರುವ ಮನೆಯವರಿಂದ, ತಮ್ಮವರೊಬ್ಬರ ದುರಾಸೆಯ ಬಗ್ಗೆ, ಈ ಮಾತು ಪದೇ ಪದೇ ಕೇಳುತ್ತೇನೆ. ಹಿಂದೆಯೇ ಸಮಜಾಯಿಷಿಯೂ ಬರುತ್ತದೆ: "ಸಣ್ಣವರಿದ್ದಾಗ ಭಾಳ ಬಡತನ ನೋಡ್ಯಾರ್ರೀ, ಅದಕ್ಕ ಹಿಂಗ."

ಇದು ಅರ್ಧ ಮಾತ್ರ ಸರಿ. ಬಡತನದಲ್ಲಿ ಬೆಳೆದೂ ಕೈಬಿಚ್ಚಿ ಕೊಡುವವರು ನಮ್ಮ ಓಣಿಗಳಲ್ಲೇ ಇದ್ದಾರಲ್ವಾ? ಚೀನಾದ ಹದಿಹರೆಯದವರ ಬಗ್ಗೆ 2019ರಲ್ಲಿ ಬಂದ ಅಧ್ಯಯನದಲ್ಲಂತೂ ಉಳ್ಳವರ ಮಕ್ಕಳಲ್ಲೇ ದುರಾಸೆ ಜಾಸ್ತಿ ಕಂಡಿತ್ತು. ಹಾಗಾಗಿ ಮನೆಯಲ್ಲಿ ಎಷ್ಟಿತ್ತು ಅನ್ನುವುದಕ್ಕಿಂತ, ಬರುತ್ತೆ ಅಂದದ್ದು ಬರುತ್ತಿತ್ತಾ ಎಂದು ಕೇಳುತ್ತೇನೆ.

ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮೂರು ಸೈಟು, ಗಂಜ್ ಮಾರುಕಟ್ಟೆಯಲ್ಲಿ ಒಳ್ಳೆ ವ್ಯಾಪಾರ. ಆದರೂ ತಮ್ಮನ ಪಾಲಿನ ಎರಡು ಗುಂಟೆಗಾಗಿ ಕೋರ್ಟು ಹತ್ತಿದ್ದರು. ಹುಡುಗರಿದ್ದಾಗ ಅಪ್ಪ ಬೆಂಗಳೂರಿಗೆ ದುಡಿಯಲು ಹೋಗುತ್ತಿದ್ದರು. ದುಡ್ಡು ಒಂದು ತಿಂಗಳು ಬಂದರೆ ಎರಡು ತಿಂಗಳು ಇಲ್ಲ. ಹಿಟ್ಟಿದ್ದ ದಿನ ಅವ್ವ ರೊಟ್ಟಿ ಬಡಿದರೆ ಈ ಹುಡುಗ ಎರಡು ರೊಟ್ಟಿ ಪಾಟಿಚೀಲದಲ್ಲಿ ಮುಚ್ಚಿಡುತ್ತಿದ್ದ, ತಮ್ಮನಿಗೂ ಹೇಳದೆ.

ಆ ವಯಸ್ಸಿಗೆ ಅದು ಜಾಣತನವೇ. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು 28 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿ 2013ರಲ್ಲಿ ಪ್ರಕಟಿಸಿದರು. ಮೊದಲು ಒಳ್ಳೆಯ ಬಣ್ಣ, ಸ್ಟಿಕ್ಕರ್ ತರುತ್ತೇವೆ ಎಂದರು. ಅರ್ಧ ಮಕ್ಕಳಿಗೆ ತಂದುಕೊಟ್ಟರು, ಉಳಿದವರಿಗೆ ಬರಿಗೈಯಲ್ಲಿ ಬಂದರು. ಆಮೇಲೆ ಒಂದು ಮಿಠಾಯಿ ಇಟ್ಟು, ಕಾದರೆ ಇನ್ನೊಂದು ಎಂದರು. ಮಾತು ಉಳಿಸಿಕೊಂಡಿದ್ದ ಕಡೆ ಮಕ್ಕಳು ಸರಾಸರಿ 12 ನಿಮಿಷ ಕಾದರು, ತಪ್ಪಿದ್ದ ಕಡೆ 3 ನಿಮಿಷ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ, ಸರದಿ ನೀರು ನಂಬದೆ, ಬಂದ ದಿನವೇ ಗದ್ದೆ ತುಂಬಿಸಿಕೊಳ್ಳುವುದೂ ಇದೇ ಲೆಕ್ಕ. ತೊಂದರೆ ಏನೆಂದರೆ, ನೀರು ಸರಿಯಾಗಿ ಬರತೊಡಗಿದ ಮೇಲೂ ಕೈ ನಿಲ್ಲುವುದಿಲ್ಲ.

ಬಳ್ಳಾರಿ ಕಡೆಯ ಯುವಕರಲ್ಲಿ ಇದರದ್ದೇ ಇನ್ನೊಂದು ರೂಪ ಕಾಣುತ್ತೇನೆ. ಅದಿರಿನ ದುಡ್ಡಿನಲ್ಲಿ ಬೆಳೆದವರು ಅವರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ, ಸಾಲ ಮಾಡಿ ತಂದ ಲಾರಿಗಳು ಮನೆ ಮುಂದೆ ಸುಮ್ನೆ ನಿಂತದ್ದನ್ನು ನೋಡಿದವರು. ಸಿಕ್ಕಾಗಲೇ ಬಾಚಿಕೋ ಅನ್ನುವುದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇಂಥವರನ್ನು ಆಸೆಬುರುಕ ಎಂದು ಬೈದರೆ ಕೈ ಇನ್ನೂ ಬಿಗಿಯಾಗುತ್ತದೆ. ಹಾಗಂತ ಬಾಲ್ಯದ ಹೆಸರಲ್ಲಿ ತಮ್ಮನ ಪಾಲು ನುಂಗುವುದನ್ನೂ ನಾನು ಒಪ್ಪಲ್ಲ. ಆ ವ್ಯಾಪಾರಿಗೆ ಮನೆ ಖರ್ಚು, ಆಸ್ಪತ್ರೆ, ಮಕ್ಕಳ ಫೀಸು ಎಲ್ಲ ಸೇರಿ ವರ್ಷಕ್ಕೆ ಎಷ್ಟು ಬೇಕು ಎಂದು ಹಾಳೆಯಲ್ಲಿ ಬರೆಸಿದೆ. ಆ ಮೊತ್ತ ಅವರ ಖಾತೆಯಲ್ಲಿ ಆಗಲೇ ಇತ್ತು. ಕೇಸು ಇನ್ನೂ ನಡೆದಿದೆ, ಆದರೆ ರಾಜಿ ಮಾತುಕತೆಗೆ ಕೂರಲು ಒಪ್ಪಿದ್ದಾರೆ.