ಬುಟ್ಟಿಯಲ್ಲಿರುವ ತತ್ತಿ ಯಾರ ಕೋಳಿಯದು?

ಪಶುವೈದ್ಯನಾಗಿ ರಾಯಚೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತುವ ನನಗೆ ಎದುರಾಗುವ ಪ್ರಶ್ನೆ ಒಂದೇ: ಜವಾರಿ ತತ್ತಿ ಮಾರಲು ಲೈಸೆನ್ಸ್ ಬೇಕೇ? ಬೇಡವೆಂದು ಯಾರೋ ಮೊದಲೇ ಹೇಳಿರುತ್ತಾರೆ. ಅದು ಅರ್ಧ ನಿಜ. ಉಳಿದರ್ಧವನ್ನು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು ರೈತರಿಗೂ ಅವರ ಕೃಷಿ ಮತ್ತು ಜಾನುವಾರುಗಳಿಗೂ ಅನ್ವಯಿಸುವುದಿಲ್ಲವೆಂದು 18ನೆಯ ಕಲಮು ಹೇಳುತ್ತದೆ. ಆದರೆ ಅದೇ ತತ್ತಿ ರೈತನಲ್ಲದವನ ಕೈಗೆ ಬಂದೊಡನೆ ಕಾಯ್ದೆಯ ಮಾತಿನಲ್ಲಿ ‘ಪ್ರಾಥಮಿಕ ಆಹಾರ’ವಾಗುತ್ತದೆ, ಅಂದರೆ ಕೊಂಡು ಮಾರುವವರು ವ್ಯಾಪಾರಿಗಳು. ಸ್ವಂತ ಕೋಳಿಯದಾದರೂ ಬೇಯಿಸಿ ಮಾರಿದರೆ ಅದು ಬೇರೆಯೇ ಮಾತು.

ಲಿಂಗಸುಗೂರು ಕಡೆಯ ಹಿರಿಯ ಹೆಣ್ಣುಮಗಳೊಬ್ಬರು ವಾರಕ್ಕೆ 150 ತತ್ತಿಗಳನ್ನು ಸಂತೆಗೆ ತರುತ್ತಿದ್ದರು. ಮನೆಯಲ್ಲಿರುವುದು 20 ಹೇಂಟೆಗಳು. ಜವಾರಿ ಹೇಂಟೆ ವರ್ಷಕ್ಕೆ 60ರಿಂದ 80 ಇಡುತ್ತದೆ. ಎಂದರೆ, ಕಾವು ಕೂರುವುದನ್ನು ಮರೆತರೂ, ವಾರಕ್ಕೆ ಹೆಚ್ಚೆಂದರೆ ಸುಮಾರು 30. ಹೆಚ್ಚು ತತ್ತಿ ಇಡುವ ಸುಧಾರಿತ ತಳಿಯಾದ ಗಿರಿರಾಜ ಆಗಿದ್ದರೂ ಅದರ ಇಮ್ಮಡಿಯನ್ನು ದಾಟುತ್ತಿರಲಿಲ್ಲ. ‘ಎಲ್ಲ ನಮ್ಮವೇ ರೀ’ ಎಂದರು. ಸುಳ್ಳು ಹೇಳಬೇಕೆಂದಲ್ಲ, ಓಣಿಯವರೆಲ್ಲ ಬಂಧುಗಳೇ ಆದ್ದರಿಂದ ಅವರ ಕೋಳಿಗಳೂ ತಮ್ಮವೇ ಎಂಬುದು ಅವರ ಲೆಕ್ಕ.

ಇದು ಬರಿಯ ಕಾಗದದ ತಕರಾರಾಗಿದ್ದರೆ ನಾನು ಇಷ್ಟು ರೇಗುತ್ತಿರಲಿಲ್ಲ. ಹುಂಜದೊಡನೆ ಬೆಳೆದ ಹೇಂಟೆಯ ತತ್ತಿಯಲ್ಲಿ ಭ್ರೂಣ ಇರುತ್ತದೆ. ಸುಮಾರು 20 ಡಿಗ್ರಿ ದಾಟಿದರೆ ಅದು ಎಚ್ಚರಗೊಂಡು ಬೆಳೆಯತೊಡಗುತ್ತದೆ, ನಮ್ಮ ಬೇಸಿಗೆಯೋ 40 ದಾಟುತ್ತದೆ. ತಮ್ಮ ಕೋಳಿ ಯಾವ ದಿನ ತತ್ತಿ ಇಟ್ಟಿತೆಂಬುದು ಆ ಹೆಣ್ಣುಮಗಳಿಗೆ ಗೊತ್ತು. ಐದು ಮನೆಗಳ ಗಡಿಗೆಗಳಿಂದ ಆಯ್ದದ್ದರ ವಯಸ್ಸು ಯಾರಿಗೂ ಗೊತ್ತಿಲ್ಲ. ಕಳೆದ ವೈಶಾಖದಲ್ಲಿ ಅವರ ಗಿರಾಕಿಯೊಬ್ಬರು ಬಾಣಲೆಗೆ ತತ್ತಿ ಒಡೆದಾಗ ಕೆಂಪು ರಕ್ತನಾಳಗಳ ಜಾಲ ಕಂಡಿತು. ತತ್ತಿ ಯಾರ ಮನೆಯದೆಂದು ಹೇಳಲು ಮಾರಿದ ಹೆಣ್ಣುಮಗಳಿಂದ ಆಗಲಿಲ್ಲ.

ಸಂತೆಯ ಮಾರಾಟಕ್ಕೂ ರೈತರ ವಿನಾಯಿತಿ ಸಲ್ಲುತ್ತದೆಯೇ ಎಂಬುದನ್ನು ಪಶುವೈದ್ಯನಾದ ನಾನು ತೀರ್ಮಾನಿಸಲಾರೆ. ಅದನ್ನು ಆಹಾರ ಸುರಕ್ಷತಾ ಅಧಿಕಾರಿಯನ್ನೇ ಕೇಳಬೇಕು. ಕೊಂಡು ಮಾರುವ ಸಣ್ಣ ವ್ಯಾಪಾರಿಗಳಿಗಾದರೆ ಅದೇ ಕಾಯ್ದೆಯಡಿಯ 2011ರ ನಿಯಮಾವಳಿ ನಿಗದಿಪಡಿಸಿದ್ದ ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಅದನ್ನು ತಪ್ಪಿಸಲು ಸಂತೆಗೆ ಬರುವವರು ಹೂಡುವ ವಾದಗಳ ಖರ್ಚೇ ಹೆಚ್ಚು.

ಆ ಹೆಣ್ಣುಮಗಳು ಈಗ ಎರಡು ಬುಟ್ಟಿ ಇಟ್ಟಿದ್ದಾರೆ. ಒಂದು ತಮ್ಮದು, ಇನ್ನೊಂದು ಓಣಿಯವರದು; ತಮ್ಮ ತತ್ತಿಗಳ ಮೇಲೆ ಪೆನ್ಸಿಲಿನಿಂದ ದಿನಾಂಕ ಬರೆದಿರುತ್ತದೆ. ಮೊನ್ನೆ ಕೇಳಿದರು: ‘ಮಗಳ ಮನೆಯ ಕೋಳಿ ಯಾವ ಬುಟ್ಟಿಗೆ ಬರುತ್ತದೆ, ಡಾಕ್ಟರೇ?’